ಸಾಲುಮರದ ತಿಮ್ಮಕ್ಕನವರ ಸುಖವಿಚಾರ

ಸುಖವೆಂದರೇನೆಂಬ ಪ್ರಶ್ನೆಯನ್ನೆತ್ತದ ಶಾಸ್ತ್ರವಿಲ್ಲ. ಕಠೋಪನಿಷತ್ತು ಪ್ರೇಯಸ್ಸು ಶ್ರೇಯಸ್ಸುಗಳೆಂದು ಎರಡು ದಾರಿಗಳನ್ನು ವಿಂಗಡಿಸಿ ತೋರಿಸಿತು. ಬೃಹದಾರಣ್ಯಕವು ಮನುಷ್ಯನ ಆಸೆಗಳನ್ನು ಪುತ್ರೈಷಣೆ, ವಿತ್ತೈಷಣೆ, ಲೋಕೈಷಣೆ ಎಂದು ಮೂರಾಗಿ ಎಣಿಸಿತು. ಎಂದರೆ ಮಕ್ಕಳ ಆಸೆ, ಹಣದ ಆಸೆ, ಲೋಕಗಳನ್ನು ಗೆಲ್ಲುವ ಆಸೆ. ಆದರೆ ಈ ವಿಚಾರಗಳನ್ನು ಗ್ರಂಥಗಳಲ್ಲಿ ಓದಿದವರೆಲ್ಲರೂ ಅವುಗಳನ್ನು ಬಾಳಿನಲ್ಲಿ ಪರೀಕ್ಷಿಸಿ ನೋಡಿದವರೆಂದು ಹೇಳಬರುವಂತಿಲ್ಲ. ಅಕ್ಷರವನ್ನೇ ಕಲಿಯದೆ, ಕೂಲಿಯಿಂದ ಹೊಟ್ಟೆ ಹೊರೆದುಕೊಂಡು, ಹುಟ್ಟಿದ ಸೀಮೆಯನ್ನು ಬಿಟ್ಟು ಬೇರೊಂದು ಸೀಮೆಗೆ ಹೋಗಿ ನೆಲೆಸಿದ ಒಬ್ಬ ಹೆಣ್ಣುಮಗಳು ಈ ಪರೀಕ್ಷೆಯನ್ನು ಪೂರ್ತಿಯಾಗಿ ಮಾಡಿದರು. ಆಕೆಯೇ 2025ನೆಯ ಇಸವಿ ನವೆಂಬರ್ 14ರಂದು ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟ ಸಾಲುಮರದ ತಿಮ್ಮಕ್ಕನವರು.

ತಿಮ್ಮಕ್ಕನವರು ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದವರು. ತಂದೆ ಚಿಕ್ಕರಂಗಯ್ಯ, ತಾಯಿ ವಿಜಯಮ್ಮ. ಜನನವು 1911ರಲ್ಲಿ ಎಂದು ದಾಖಲೆ. ಆ ಲೆಕ್ಕದಂತೆ 114 ವರ್ಷಗಳ ಬಾಳು. ಮದುವೆಯಾಗಿ ಹೋದದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ಮಾಗಡಿ ತಾಲ್ಲೂಕು ನಮ್ಮ ಕುಣಿಗಲ್ ತಾಲ್ಲೂಕಿಗೆ ಎಲ್ಲೆ ಹೊಂದಿಕೊಂಡಿರುವುದರಿಂದ, ಎರಡು ಕಡೆಯ ಜನಕ್ಕೂ ಸಂತೆ, ಜಾತ್ರೆ, ನೆಂಟಸ್ತಿಕೆಗಳ ಬಳಕೆ ಹಿಂದಿನಿಂದಲೂ ಉಂಟು. ಭೂಪಟದಲ್ಲಿ ನೋಡಿದರೆ ಗುಬ್ಬಿಗೂ ಹುಲಿಕಲ್ಲಿಗೂ ನಡುವೆ ಇರುವ ದೂರ ಅಲ್ಪವೇ. ಆದರೆ ತವರನ್ನು ಬಿಟ್ಟು ಬಂದ ಬಡಹೆಣ್ಣಿಗೆ ದೂರವನ್ನು ಅಳೆಯುವ ಕೋಲು ಬೇರೆ. ಗುಬ್ಬಿಯ ಸೀಮೆ ತೆಂಗು ಅಡಕೆಗಳ ತೋಟಗಳಿಗೆ ಹೆಸರಾದದ್ದು. ಹುಲಿಕಲ್ಲಿನ ಸುತ್ತಿನದು ಬಂಡೆಗಲ್ಲಿನ ನಾಡು. ಹೊಸ ಊರಿನಲ್ಲಿ ತಿಮ್ಮಕ್ಕನವರಿಗೆ ದೊರೆತ ಜೀವನೋಪಾಯವು ಕೂಲಿಯ ಕೆಲಸ. ಹತ್ತಿರದ ಕಲ್ಲುಗಣಿಯಲ್ಲಿಯೂ ಅವರು ದುಡಿದರು. ಹುಲಿಕಲ್ಲಿನಲ್ಲಿ ಅವರಿಗೆ ತಮ್ಮದೆಂದು ಹೇಳಿಕೊಳ್ಳಲು ಇದ್ದವರು ಗಂಡನೊಬ್ಬನೇ. ಆತನ ಹೆಸರು ಚಿಕ್ಕಯ್ಯ. ಮಾತು ತೊದಲುತ್ತಿದ್ದುದರಿಂದ ಬಿಕ್ಕಲು ಚಿಕ್ಕಯ್ಯನೆಂದು ಜನ ಕರೆಯುತ್ತಿದ್ದರು.

ಇಂಥ ಬಾಳುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಆಕರಗಳದು. ಅರಸರಿಗೆ ಶಾಸನಗಳಿರುತ್ತವೆ, ಪಂಡಿತರಿಗೆ ಗ್ರಂಥಗಳಿರುತ್ತವೆ, ಅಧಿಕಾರಿಗಳಿಗೆ ಕಡತಗಳಿರುತ್ತವೆ. ಕೂಲಿಯ ಹೆಣ್ಣಿಗೆ ಇರುವುದು ನೆನಪು ಮಾತ್ರ. ಅಕ್ಷರ ಬಲ್ಲವರು ತಮ್ಮ ನೆನಪನ್ನು ಕಾಗದಕ್ಕೆ ಇಳಿಸಬಲ್ಲರು. ತಿಮ್ಮಕ್ಕನವರಿಗಿಂತ ಸುಮಾರು ಹತ್ತು ವರ್ಷಕ್ಕೆ ಹಿರಿಯಳಾದ ಮೇರಿ ಪೈಕ್ ಲೀ ಎಂಬಾಕೆ 1900ರಲ್ಲಿ ಕೊರಿಯಾ ದೇಶದಲ್ಲಿ ಹುಟ್ಟಿ, 1905ರಲ್ಲಿ ತಂದೆತಾಯಿಗಳೊಡನೆ ಹವಾಯಿ ದ್ವೀಪಕ್ಕೂ ಅಲ್ಲಿಂದ 1906ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಕ್ಕೂ ಹೋಗಿ, ಪರದೇಶದಲ್ಲಿ ಕೂಲಿ ಬೇಸಾಯಗಳಿಂದ ಸಾಗಿಸಿದ ತನ್ನ ಸಂಸಾರದ ಕಥೆಯನ್ನು ಬರೆದಿಟ್ಟಳು. ಅದು 1990ರಲ್ಲಿ ಒಬ್ಬ ಚರಿತ್ರಕಾರ್ತಿಯ ಸಂಪಾದಕತ್ವದಲ್ಲಿ ಪುಸ್ತಕವಾಗಿ ಹೊರಬಂದಿತು. ಸಮುದ್ರವನ್ನು ದಾಟಿದ ಆ ಕೊರಿಯಾದ ಹೆಣ್ಣಿಗೆ ದೊರೆತ ಈ ಸಾಧನವು ತಾಲ್ಲೂಕಿನ ಎಲ್ಲೆಯನ್ನು ದಾಟಿದ ಗುಬ್ಬಿಯ ಹೆಣ್ಣಿಗೆ ದೊರೆಯಲಿಲ್ಲ. ತಿಮ್ಮಕ್ಕನವರು ತಮ್ಮ ಬಾಳನ್ನು ಕೇಳಲು ಬಂದವರಿಗೆ ಬಾಯಿಂದ ಹೇಳಿದರು. ಅವರ ಕಥನದಲ್ಲಿ ಉಳಿದು ಬಂದಿರುವ ಅಂಕೆಗಳು ಸಸಿಗಳವು: ಮೊದಲನೆಯ ವರ್ಷ 10, ಎರಡನೆಯ ವರ್ಷ 15, ಮೂರನೆಯ ವರ್ಷ 20. ಕಾಲವನ್ನು ಮಳೆಗಳಿಂದಲೂ ಬಾಳನ್ನು ಮರಗಳಿಂದಲೂ ಎಣಿಸಿದ ಈ ನೆನಪಿಗೆ ಸಾಕ್ಷ್ಯವೂ ಉಂಟು. ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು 4 ಕಿಲೋಮೀಟರ್ ಉದ್ದ, ರಸ್ತೆಯ ಇಕ್ಕೆಲಗಳಲ್ಲಿ ನಿಂತ ಆಲದ ಸಾಲೇ ಅದು.

ಮದುವೆಯಾಗಿ ಬಹುಕಾಲ ಕಳೆದರೂ ಆ ದಂಪತಿಗಳಿಗೆ ಮಕ್ಕಳಾಗಲಿಲ್ಲ. ಹಳ್ಳಿಯ ಬಾಳಿನಲ್ಲಿ ಇದರ ಅರ್ಥವೇನೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಬಂಜೆಯೆಂಬ ಒಂದು ಮಾತಿನಲ್ಲಿ ಸಮಾಜವು ಹೆಣ್ಣಿನ ಸಕಲ ಗುಣಗಳನ್ನೂ ಅಳಿಸಿಹಾಕಬಲ್ಲುದು. ಮಗುವಿಗೆ ಹೆಸರಿಡುವಲ್ಲಿ, ತೊಟ್ಟಿಲು ತೂಗುವಲ್ಲಿ, ಬಸುರಿಗೆ ಮಡಿಲು ತುಂಬುವಲ್ಲಿ ಆಕೆಯನ್ನು ಹಿಂದೆ ಸರಿಸುವರು. ಗಂಡಸಿಗೆ ಆ ಮಾತಿನ ಪೆಟ್ಟು ಅಷ್ಟಾಗಿ ತಟ್ಟದು. ಸಂತಾನಕ್ಕಾಗಿ ಅಶ್ವತ್ಥವನ್ನು ಸುತ್ತುವ, ನಾಗರಕಲ್ಲಿಗೆ ಹಾಲೆರೆಯುವ ವ್ರತಗಳೆಲ್ಲ ಹೆಂಗಸಿನ ಪಾಲಿಗೇ ಬಂದಿರುವುದನ್ನು ನೋಡಿದರೆ ಈ ಮಾತು ಸ್ಪಷ್ಟವಾದೀತು. ತಿಮ್ಮಕ್ಕನವರಿಗೆ ನಲವತ್ತರ ಪ್ರಾಯದಲ್ಲಿ ಜೀವವನ್ನೇ ನೀಗಿಕೊಳ್ಳಬೇಕೆಂಬಷ್ಟು ದುಃಖವಾಗಿತ್ತು. ಗಂಡನ ಆಸರೆಯಿಂದ ಅದನ್ನು ದಾಟಿದರು. ಸುಖವೆಂದರೆ ಮಡಿಲಿನಲ್ಲಿ ಮಗುವೆಂಬ ಒಂದೇ ಅರ್ಥವನ್ನು ಊರು ಅವರಿಗೆ ಕಲಿಸಿತ್ತು. ಆ ಅರ್ಥವು ಅವರ ಪಾಲಿಗೆ ಕೈಗೂಡಲಿಲ್ಲ. ಇದು ಅವರ ಸುಖವಿಚಾರದ ಮೊದಲನೆಯ ಘಟ್ಟ.

ಎರಡನೆಯ ಘಟ್ಟವು ಆರಂಭವಾದುದು ಒಂದು ಕೆಲಸದಿಂದ. ಹುಲಿಕಲ್ಲಿನ ಸುತ್ತಮುತ್ತ ಆಲದ ಮರಗಳಿಗೆ ಕೊರತೆಯಿರಲಿಲ್ಲ. ಅವುಗಳಿಂದ ಸಸಿಗಳನ್ನು ಮಾಡಿಕೊಂಡು, ಕುದೂರಿನ ದಾರಿಯ ಅಂಚಿನಲ್ಲಿ ನೆಡತೊಡಗಿದರು. ಆಲವು ಕೊಂಬೆಯಿಂದಲೂ ಚಿಗುರುವ ಜಾತಿಯದು. ನ್ಯಗ್ರೋಧವೆಂಬ ಅದರ ಸಂಸ್ಕೃತದ ಹೆಸರಿಗೆ ಕೆಳಮುಖವಾಗಿ ಬೆಳೆಯುವುದೆಂದು ಅರ್ಥ. ಬಿಳಲು ನೆಲಕ್ಕೆ ತಾಗಿದಲ್ಲಿ ಬೇರಾಗಿ, ಬೇರು ಬಲಿತಲ್ಲಿ ಕಂಬವಾಗುವ ಈ ಮರಕ್ಕೆ ಒಮ್ಮೆ ನೆಲ ಸಿಕ್ಕಿದರೆ ತಲೆತಲಾಂತರಕ್ಕೂ ಅಳಿವಿಲ್ಲ. ಆದರೆ ಆ ಮೊದಲ ನೆಲೆ ಸಿಕ್ಕುವುದೇ ಕಷ್ಟ. ಎಳೆಯ ಸಸಿಗೆ ಬಿಸಿಲೂ ಶತ್ರು, ಆಡುದನಗಳೂ ಶತ್ರು. ಆದುದರಿಂದ ದಂಪತಿಗಳು ಮಳೆಗಾಲವನ್ನು ನೋಡಿ ನೆಡುತ್ತಿದ್ದರು. ದನಕರುಗಳು ಮೇಯದಂತೆ ಮುಳ್ಳುಕಂಟಿಗಳನ್ನು ತಂದು ಸುತ್ತಲೂ ಬೇಲಿ ಕಟ್ಟುತ್ತಿದ್ದರು. ಮಳೆ ಹಿಂದಾದ ಮೇಲೆ ಬಿಂದಿಗೆಗಳಲ್ಲಿ ನೀರನ್ನು ಹೊತ್ತು ನಾಲ್ಕು ಕಿಲೋಮೀಟರ್ ನಡೆದು ಒಂದೊಂದು ಬುಡಕ್ಕೂ ಎರೆಯುತ್ತಿದ್ದರು. ಮುಂದಿನ ಮಳೆಗಾಲದವರೆಗೆ ಹೀಗೆ ಕಾಪಾಡಿದರೆ ಸಸಿಯು ಬೇರೂರಿತೆಂದು ಧೈರ್ಯ. ಚಿಕ್ಕಯ್ಯನವರು ಸಸಿಗಳ ಆರೈಕೆಗಾಗಿ ತಮ್ಮ ದಿನಗೂಲಿಯನ್ನೇ ಬಿಟ್ಟರು. ತಿಮ್ಮಕ್ಕನವರು ಹಗಲು ಕೂಲಿ ಮಾಡಿ, ಆಮೇಲೆ ಗಂಡನ ಜೊತೆಗೂಡುತ್ತಿದ್ದರು. ಖರ್ಚೆಲ್ಲ ಅವರ ಸ್ವಂತದ್ದು. ಹೀಗೆ ವರ್ಷ ವರ್ಷವೂ ಸೇರಿ ನಿಂತ ಮರಗಳ ಸಂಖ್ಯೆ 385 ಎಂದು ಲೆಕ್ಕ.

ಈ ಕೆಲಸದ ಸ್ವರೂಪವನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಗುಬ್ಬಿಯ ಮಗಳಾದವಳು ಮರದ ಲಾಭವನ್ನು ಅರಿಯದವಳೆಂದು ಹೇಳಲಾಗದು. ತೆಂಗನ್ನು ನೆಟ್ಟರೆ ಕಾಯಿ, ಅಡಕೆಯನ್ನು ನೆಟ್ಟರೆ ಹಣ, ರಸ್ತೆಯ ಬದಿಯ ಹುಣಿಸೆಯೂ ವರುಷಕ್ಕೊಮ್ಮೆ ಹರಾಜಿಗೆ ಬರುವ ವಸ್ತು. ಆಲವಾದರೋ ನೆಟ್ಟವನಿಗೆ ಕಾಸನ್ನೂ ಕೊಡುವುದಿಲ್ಲ. ಅದರ ಹಣ್ಣು ಹಕ್ಕಿಗಳ ಪಾಲು. ನೆರಳು ದಾರಿಹೋಕರ ಪಾಲು. ಅದೂ ನೆಟ್ಟದ್ದು ತಮ್ಮ ಹಿತ್ತಿಲಿನಲ್ಲಲ್ಲ, ಸರ್ಕಾರದ ರಸ್ತೆಯಲ್ಲಿ. ನೀರು ಹೊತ್ತವರಿಗೆ ಆ ಮರದ ಮೇಲೆ ಕಾನೂನಿನ ಹಕ್ಕು ಒಂದೂ ಇಲ್ಲ. ವಿತ್ತೈಷಣೆಯೆಂಬುದು ಈ ಕಾರ್ಯದ ಹತ್ತಿರಕ್ಕೂ ಸುಳಿಯಲಿಲ್ಲವೆಂಬುದು ಇದರಿಂದ ಸಿದ್ಧವಾಗುವುದು.

ಹಾಗಾದರೆ ಪುತ್ರೈಷಣೆಯು ಏನಾಯಿತು? ಮಕ್ಕಳಿಲ್ಲದ ದುಃಖಕ್ಕೆ ಮರಗಳನ್ನೇ ಮಕ್ಕಳೆಂದು ಭಾವಿಸಿದರೆಂದು ಎಲ್ಲರೂ ಹೇಳುವುದುಂಟು. ತಿಮ್ಮಕ್ಕನವರೂ ಹಾಗೆಯೇ ಹೇಳುತ್ತಿದ್ದರು. ಮಾತು ನಿಜವೇ. ಆದರೆ ಅದನ್ನು ಅವಸರದಿಂದ ಹೇಳಿ ಮುಗಿಸಿದರೆ ಅದರೊಳಗಿನ ತತ್ತ್ವವು ಕೈಬಿಟ್ಟುಹೋಗುವುದು. ಮಗುವು ಮನೆಗೆ ಸೇರಿದ್ದು: ವಂಶವನ್ನು ಬೆಳೆಸುವುದು, ಮುಪ್ಪಿನಲ್ಲಿ ಸಾಕುವುದು, ಸತ್ತ ಮೇಲೆ ನೀರು ಬಿಡುವುದು, ಇವೆಲ್ಲ ಹೆತ್ತವರು ಮಗುವಿನಿಂದ ನಿರೀಕ್ಷಿಸುವ ಫಲಗಳು. ದಾರಿಯ ಆಲವು ಇವುಗಳಲ್ಲಿ ಒಂದನ್ನೂ ಕೊಡಲಾರದು. ಆದುದರಿಂದ ತಿಮ್ಮಕ್ಕನವರು ಮರದಲ್ಲಿ ಕಂಡುಕೊಂಡದ್ದು ಮಗುವಿನಿಂದ ಬರಬೇಕಾಗಿದ್ದ ಫಲವನ್ನಲ್ಲ, ಮಗುವಿಗೆ ಮಾಡಬೇಕಾಗಿದ್ದ ಸೇವೆಯನ್ನು. ಪಡೆಯುವ ಸುಖವು ತಪ್ಪಿಹೋದಲ್ಲಿ ಸಾಕುವ ಸುಖವು ಉಳಿದುಕೊಂಡಿತು. ಇವೆರಡೂ ಬೇರೆ ಬೇರೆಯೆಂಬುದನ್ನು ಮಕ್ಕಳುಳ್ಳವರು ಅನೇಕ ವೇಳೆ ಅರಿಯರು, ಏಕೆಂದರೆ ಅವರಿಗೆ ಎರಡೂ ಒಟ್ಟಿಗೇ ಬಂದಿರುತ್ತವೆ. ಒಂದನ್ನು ಕಳೆದುಕೊಂಡವರಿಗೆ ಮಾತ್ರ ಇನ್ನೊಂದರ ಬೆಲೆ ತಿಳಿದೀತು.

ಇದಕ್ಕೆ ಪುರಾಣದಲ್ಲಿ ಒಂದು ಉಪಮಾನವು ದೊರೆಯುವುದು. ಮತ್ಸ್ಯಪುರಾಣದಲ್ಲಿ ಪಾರ್ವತೀದೇವಿಯು ಅಶೋಕದ ಸಸಿಯೊಂದನ್ನು ನೆಟ್ಟು ಮಗನಂತೆ ಬೆಳೆಸುತ್ತಿರಲು, ಮರವನ್ನು ಮಗನೆಂದುಕೊಂಡರೆ ಫಲವೇನೆಂದು ಆಕೆಯನ್ನು ಕೇಳುವರು. ಅದಕ್ಕೆ ದೇವಿಯು, ಹತ್ತು ಬಾವಿಗಳಿಗೆ ಒಂದು ಕೊಳ, ಹತ್ತು ಕೊಳಗಳಿಗೆ ಒಂದು ಕೆರೆ, ಹತ್ತು ಕೆರೆಗಳಿಗೆ ಒಬ್ಬ ಮಗ, ಹತ್ತು ಮಕ್ಕಳಿಗೆ ಒಂದು ಮರ ಸಮವೆಂದು ಲೆಕ್ಕ ಹೇಳುವಳು. ತಿಮ್ಮಕ್ಕನವರು ಈ ಪುರಾಣವನ್ನು ಓದಿದವರಲ್ಲ. ಓದದೆಯೇ ಅದೇ ನಿರ್ಣಯಕ್ಕೆ ಬಂದರೆಂಬುದು ವಿಶೇಷ. ನೀರಿಲ್ಲದ ಸೀಮೆಯಲ್ಲಿ ಬಾವಿ ಕೆರೆ ಮರಗಳನ್ನು ಮಾಡಿದವರನ್ನು ನಮ್ಮ ಹಿರಿಯರು ಪೂರ್ತಧರ್ಮವನ್ನು ಆಚರಿಸಿದವರೆಂದು ಕರೆದರು. ಯಜ್ಞಯಾಗಗಳಿಗೆ ಇರುವ ಅಧಿಕಾರದ ಕಟ್ಟುಪಾಡುಗಳು ಪೂರ್ತಕ್ಕಿಲ್ಲ. ಸ್ತ್ರೀಯರೂ ಅದನ್ನು ಮಾಡಬಹುದೆಂದು ಧರ್ಮಶಾಸ್ತ್ರಕಾರರು ಒಪ್ಪಿದ್ದಾರೆ. ವೇದದ ಬಾಗಿಲು ಮುಚ್ಚಿದ್ದವರಿಗೆ ದಾರಿಯ ಬದಿ ತೆರೆದಿತ್ತು.

ದಾರಿಯ ಬದಿಯಲ್ಲಿ ಆಲವನ್ನು ನೆಡಿಸುವುದು ನಮ್ಮ ದೇಶದಲ್ಲಿ ಅತ್ಯಂತ ಹಳೆಯ ರಾಜಧರ್ಮಗಳಲ್ಲೊಂದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ತನ್ನ ಏಳನೆಯ ಸ್ತಂಭಶಾಸನದಲ್ಲಿ, ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದ ವಿಷಯವನ್ನು ಹೇಳಿಕೊಂಡಿದ್ದಾನೆ. ಪಶುಗಳ ಹೆಸರೂ ಅಲ್ಲಿ ಬಂದಿರುವುದು ಗಮನಾರ್ಹ. ಆ ಚಕ್ರವರ್ತಿಗೆ ಅಧಿಕಾರಿಗಳಿದ್ದರು, ಭಂಡಾರವಿದ್ದಿತು, ಆಜ್ಞೆಯನ್ನು ಕಲ್ಲಿನಲ್ಲಿ ಕೊರೆಯಲು ಶಿಲ್ಪಿಗಳಿದ್ದರು. ಅಂಥ ಕಾರ್ಯವನ್ನೇ ಹುಲಿಕಲ್ಲಿನ ದಂಪತಿಗಳು ಎರಡು ಬಿಂದಿಗೆ ನೀರಿನಿಂದಲೂ ಒಂದು ಹೊರೆ ಮುಳ್ಳಿನಿಂದಲೂ ಮಾಡಿದರು. ಪ್ರಮಾಣದಲ್ಲಿ ಅಂತರವುಂಟು, ಧರ್ಮದಲ್ಲಿ ಅಂತರವಿಲ್ಲ.

ನಮ್ಮ ಜನಪದರ ನೆನಪಿನಲ್ಲಿ ಸಾರ್ವಜನಿಕ ಕಾರ್ಯಕ್ಕೂ ಸೊಸೆಗೂ ಇರುವ ಸಂಬಂಧವು ಬಹಳ ಕಠೋರವಾದುದು. ಕೆರೆಗೆ ಹಾರವಾದ ಭಾಗೀರಥಿಯ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ಬಾರದಿರಲು ಮನೆಯ ಹಿರಿಯರು ಕಿರಿಯ ಸೊಸೆಯನ್ನೇ ಬಲಿಕೊಟ್ಟರು. ಊರಿನ ಸುಖಕ್ಕೆ ಹೊರಗಿನಿಂದ ಬಂದ ಹೆಣ್ಣಿನ ಜೀವವೇ ಬೆಲೆಯೆಂಬುದು ಆ ಕಥೆಯೊಳಗಿನ ಕಹಿ. ಹುಲಿಕಲ್ಲಿನ ಸೊಸೆಯ ಕಥೆಯಲ್ಲಿ ಈ ಕ್ರಮವು ತಿರುಗಿತು. ಇಲ್ಲಿ ಹಿರಿಯರು ಯಾರೂ ಅಪ್ಪಣೆ ಮಾಡಲಿಲ್ಲ. ಯಾವ ಬಲಿಯೂ ನಡೆಯಲಿಲ್ಲ. ಸಾಯಬೇಕೆಂದುಕೊಂಡಿದ್ದ ಹೆಣ್ಣು ಬದುಕುವುದನ್ನು ಆರಿಸಿಕೊಂಡು, ಆ ಬದುಕಿನಿಂದಲೇ ಊರಿಗೆ ನೆರಳನ್ನು ಕೊಟ್ಟಳು. ಈ ಕಾರಣದಿಂದ ತಿಮ್ಮಕ್ಕನವರ ಚರಿತ್ರೆಯನ್ನು ಹೆಣ್ಣಿನ ತ್ಯಾಗದ ಕಥೆಗಳ ಸಾಲಿಗೆ ಸೇರಿಸುವುದು ಸರಿಯಲ್ಲ. ಅದು ಹೆಣ್ಣಿನ ಆಯ್ಕೆಯ ಕಥೆ.

ಮೂರನೆಯ ಘಟ್ಟವು ಬಂದದ್ದು ವೈಧವ್ಯದೊಡನೆ. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡರು. ಸಾಲಿನ ಮರಗಳು ದೊಡ್ಡವಾಗಿದ್ದುವು, ನೆಟ್ಟ ಕೈಗಳಲ್ಲಿ ಎರಡು ಇಲ್ಲವಾದುವು. ಲೋಕದ ಮನ್ನಣೆಯೆಲ್ಲ ಬಂದದ್ದು ಇದರ ಅನಂತರ: 1995ರಲ್ಲಿ ರಾಷ್ಟ್ರೀಯ ನಾಗರಿಕ ಪ್ರಶಸ್ತಿ, 1997ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ, 2010ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿ, 2019ರಲ್ಲಿ ಪದ್ಮಶ್ರೀ, 2020ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು. ಅಮೆರಿಕದಲ್ಲಿ ಪರಿಸರಶಿಕ್ಷಣದ ಸಂಸ್ಥೆಯೊಂದು ಅವರ ಹೆಸರಿನಲ್ಲಿ ಹುಟ್ಟಿತು. ನಮ್ಮ ಅರಣ್ಯ ಇಲಾಖೆಯ ವೃಕ್ಷೋದ್ಯಾನಗಳಿಗೂ ಅವರ ಹೆಸರನ್ನೇ ಇಟ್ಟರು. ಜೊತೆಯಲ್ಲಿ ನೀರು ಹೊತ್ತವನು ಇವುಗಳಲ್ಲಿ ಒಂದನ್ನೂ ಕಾಣಲಿಲ್ಲ. ಕೀರ್ತಿಯ ಪಟ್ಟಿಯನ್ನು ಓದುವಾಗ ಈ ಮಾತನ್ನು ಮರೆಯಬಾರದು. ಸಾಲುಮರವು ಒಬ್ಬರ ಕಾರ್ಯವಲ್ಲ, ದಾಂಪತ್ಯದ ಕಾರ್ಯ. ಮಕ್ಕಳಿಲ್ಲದ ಹೆಂಡತಿಯನ್ನು ಬಿಟ್ಟು ಮತ್ತೊಂದು ಮದುವೆಯಾಗುವುದು ನಾಡಿನಲ್ಲಿ ವಾಡಿಕೆಯಾಗಿದ್ದ ಕಾಲದಲ್ಲಿ ಹೆಂಡತಿಯೊಡನೆ ನಿಂತ ಗಂಡಸೊಬ್ಬನ ಸ್ಮಾರಕವೂ ಅದು.

ಲೋಕೈಷಣೆಯು ಹೀಗೆ ಕೇಳದೆಯೇ ಬಂದು ಬಾಗಿಲಲ್ಲಿ ನಿಂತಿತು. ಕೀರ್ತಿಯನ್ನು ಬಯಸಿ ಪಡೆದವರ ನಡೆಗೂ ಬಯಸದೆ ಪಡೆದವರ ನಡೆಗೂ ವ್ಯತ್ಯಾಸವುಂಟು. 2019ರ ಮಾರ್ಚಿ 16ರಂದು ರಾಷ್ಟ್ರಪತಿಭವನದಲ್ಲಿ ಪದ್ಮಶ್ರೀಯನ್ನು ಸ್ವೀಕರಿಸುವಾಗ ತಿಮ್ಮಕ್ಕನವರು ರಾಷ್ಟ್ರಪತಿ ರಾಮನಾಥ ಕೋವಿಂದರ ಹಣೆಯ ಮೇಲೆ ಕೈಯಿಟ್ಟು ಹರಸಿದರು. ಆ ಸಭೆಯ ನಿಯಮದಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಆದರೂ ಅಲ್ಲಿದ್ದವರೆಲ್ಲ ಸಂತೋಷಪಟ್ಟರು. ಎದುರಿಗೆ ಬಂದ ಕಿರಿಯರನ್ನು ಮುಟ್ಟಿ ಹರಸುವುದು ನಮ್ಮ ಹಳ್ಳಿಯ ಅಜ್ಜಿಯರ ರೂಢಿ. ಬಂಜೆಯೆಂದು ಹಿಂದೆ ಸರಿಸಲ್ಪಟ್ಟಿದ್ದ ಹೆಣ್ಣು ರಾಜ್ಯದ ಮೊದಲನೆಯ ಪ್ರಜೆಯನ್ನು ಮಗನೆಂಬಂತೆ ಹರಸಿದ ಆ ಕ್ಷಣದಲ್ಲಿ, ಪಡೆಯುವುದಕ್ಕಿಂತ ಕೊಡುವುದೇ ಅವರ ಸ್ವಭಾವವಾಗಿ ಬಲಿತಿದ್ದುದು ಎಲ್ಲರಿಗೂ ಕಂಡಿತು.

ಪ್ರಶಸ್ತಿಗಳಿಂದ ಅವರ ಬಡತನವು ಒಮ್ಮೆಗೇ ನೀಗಿತೆಂದಾಗಲಿ, ಹಳೆಯ ದುಃಖವು ಅಳಿಸಿಹೋಯಿತೆಂದಾಗಲಿ ತಿಳಿಯಬಾರದು. ಮುಪ್ಪಿನಲ್ಲಿ ಅವರು ಒಬ್ಬ ತರುಣನನ್ನು ಸಾಕುಮಗನಾಗಿ ಸ್ವೀಕರಿಸಿದರು. ಮಾತಿಗೆ ಮಾತು ಕೊಡುವ ಜೀವವೊಂದು ಮನೆಯಲ್ಲಿರಬೇಕೆಂಬ ಬಯಕೆಯು ಮುನ್ನೂರೆಂಬತ್ತೈದು ಮರಗಳಿಂದಲೂ ತೀರುವಂಥದಲ್ಲ. ಗಂಡನ ನೆನಪಿಗಾಗಿ ಊರಿನಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಬೇಕೆಂಬುದು ಅವರ ಮತ್ತೊಂದು ಬಯಕೆ. ಅದಕ್ಕಾಗಿ ಒಂದು ಟ್ರಸ್ಟನ್ನೂ ಮಾಡಿದರು. ಊರ ಜಾತ್ರೆಗೆಂದು ಮಳೆನೀರಿನ ತೊಟ್ಟಿಯನ್ನು ಕಟ್ಟಿಸುವ ಕೆಲಸದಲ್ಲಿಯೂ ಕೈಜೋಡಿಸಿದರು. ಸುಖವೆಂಬ ಮಾತಿಗೆ ಈ ಘಟ್ಟದಲ್ಲಿ ಅವರು ಕೊಟ್ಟ ಅರ್ಥವು ಇವುಗಳಿಂದ ತಿಳಿಯುವುದು. ಮೊದಲು ಮಡಿಲು ತುಂಬುವುದೇ ಸುಖ. ಆಮೇಲೆ ಸಸಿ ಚಿಗುರುವುದು ಸುಖ. ಕೊನೆಗೆ ಬಾಯಾರಿದವನಿಗೆ ನೀರು, ಬಿಸಿಲಿಗೆ ನೆರಳು, ರೋಗಿಗೆ ಮದ್ದು ದೊರೆಯುವುದು ಸುಖ. ಒಂದರ ಜಾಗದಲ್ಲಿ ಇನ್ನೊಂದು ಬಂದು ಕುಳಿತುಕೊಂಡಿತೆಂದು ಹೇಳುವುದಕ್ಕಿಂತ, ಆಲದ ಬಿಳಲು ಇಳಿದು ಇನ್ನೊಂದು ಬುಡವಾಗುವಂತೆ ಮೊದಲನೆಯ ಆಸೆಯೇ ಹರಡಿ ಅಗಲವಾಯಿತೆಂದು ಹೇಳುವುದು ಸರಿ.

ಆ ಸುಖಕ್ಕೂ ಭಯ ತಪ್ಪಲಿಲ್ಲ. 2019ರಲ್ಲಿ ಬಾಗೇಪಲ್ಲಿಯಿಂದ ಹಲಗೂರಿಗೆ ಹೋಗುವ ರಸ್ತೆಯನ್ನು ಅಗಲಿಸುವ ಯೋಜನೆಯಲ್ಲಿ ಈ ಸಾಲಿನ ಮರಗಳಿಗೆ ಕೊಡಲಿಯ ಭೀತಿ ಒದಗಿತು. ತಿಮ್ಮಕ್ಕನವರು ಆಗಿನ ಮುಖ್ಯಮಂತ್ರಿ ಹೆಚ್. ಡಿ. ಕುಮಾರಸ್ವಾಮಿಯವರಲ್ಲಿ ಮರಗಳನ್ನು ಉಳಿಸಿಕೊಡಬೇಕೆಂದು ಬೇಡಿಕೊಂಡರು. ಬೇರೆ ದಾರಿಯನ್ನು ನೋಡುವುದಾಗಿ ಸರ್ಕಾರವು ಒಪ್ಪಿತು. ಪದ್ಮಶ್ರೀಯನ್ನು ಕೊಟ್ಟ ವರ್ಷದಲ್ಲಿಯೇ ಅದಕ್ಕೆ ಕಾರಣವಾದ ಮರಗಳಿಗಾಗಿ ನೂರು ದಾಟಿದ ಮುದುಕಿಯು ಅರ್ಜಿ ಹಿಡಿಯಬೇಕಾಯಿತೆಂಬುದು ಆಲೋಚಿಸಬೇಕಾದ ವಿಷಯ. ಮನುಷ್ಯರನ್ನು ಗೌರವಿಸುವುದು ಸುಲಭ. ಆ ಗೌರವಕ್ಕೆ ಆಧಾರವಾದ ಕಾರ್ಯವನ್ನು ಕಾಪಾಡುವುದು ಕಷ್ಟ. ಹೆದ್ದಾರಿಗಳನ್ನು ಅಗಲಿಸುವಾಗ ನಾಡಿನ ಎಷ್ಟೋ ಕಡೆ ಹಳೆಯ ಸಾಲುಮರಗಳು ಉರುಳಿವೆ. ಅವುಗಳನ್ನು ನೆಟ್ಟವರು ಅರ್ಜಿ ಹಿಡಿಯಲು ಬದುಕಿರಲಿಲ್ಲ.

ಈಗ ಕುದೂರಿನ ಸಾಲನ್ನು ನೆಟ್ಟವರೂ ಇಲ್ಲ. ಮುಂದೆ ಅರ್ಜಿ ಹಿಡಿಯುವವರು ಯಾರೆಂಬುದೇ ಪ್ರಶ್ನೆ. ಮರಗಳ ಪೋಷಣೆಯನ್ನು ಸರ್ಕಾರವು ವಹಿಸಿಕೊಂಡಿದೆ; ಆದರೆ ರಸ್ತೆಯನ್ನು ಅಗಲಿಸುವುದೂ ಸರ್ಕಾರವೇ ಆದುದರಿಂದ, ನಡುವೆ ನಿಂತು ಕೇಳುವ ಊರಿನವರ ದನಿಯೂ ಬೇಕು. ಹುಲಿಕಲ್ಲು ಅವರನ್ನು ತನ್ನ ಹೆಸರಿನೊಡನೆ ಕೂಡಿಸಿಕೊಂಡು ಧನ್ಯವಾಯಿತು. ತವರಾದ ಗುಬ್ಬಿಯ ಸೀಮೆಗೂ ದಾರಿಯ ನೆರೆಯಾದ ಕುಣಿಗಲಿನ ಸೀಮೆಗೂ ಹೆಮ್ಮೆಪಡುವ ಹಕ್ಕಿರುವಂತೆ ಋಣವೂ ಉಂಟು. ಆ ಋಣವನ್ನು ತೀರಿಸುವ ಬಗೆಯನ್ನು ಆ ಮರವೇ ತೋರಿಸಿಕೊಟ್ಟಿದೆ. ಸಾಲಿನಲ್ಲಿ ಒಂದು ಮರ ಬಿದ್ದರೆ ಪಕ್ಕದ ಮರದ ಕೊಂಬೆಯೊಂದನ್ನು ಮಳೆಗಾಲದಲ್ಲಿ ನೆಡಬಹುದು. ಅದೇ ಸಾಲಿನ ಕೊಂಬೆಯನ್ನು ಗುಬ್ಬಿಯ ದಾರಿಗಳಿಗೂ ತರಬಹುದು. ತವರಿನಿಂದ ಹೋದ ಮಗಳ ಮಕ್ಕಳು ತವರಿಗೆ ಬರುವುದು ನಮ್ಮಲ್ಲಿ ಮಂಗಳವಾದ ಸಂಗತಿ. ಬೇಕಾದದ್ದು ಒಂದು ಹೊರೆ ಮುಳ್ಳು, ಎರಡು ಬಿಂದಿಗೆ ನೀರು, ಮುಂದಿನ ಮಳೆಯವರೆಗೆ ತಪ್ಪದೆ ನಡೆಯುವ ಎರಡು ಕಾಲುಗಳು.